ನಾಲ್ಕನೇ ತಿರುವು

ಮೂರು ವರ್ಷದ ಹಿಂದೆ, ಆಯುಧಪೂಜೆಯ ಮಾರನೇ ದಿನ ಶಿವರಂಜಿನಿ ಒಂದು ಮಾತು ಕೊಟ್ಟಿದ್ದಳು.

"ಈ ಬೈಕಲ್ಲಿ, ಎಲ್ಲೂ ಕಾಲೂರ್ದೆ, ನನ್ನ ಗೋಪಾಲಸ್ವಾಮಿ ಬೆಟ್ಟದ ತುದಿ ಮುಟ್ಸು. ಆವತ್ತು ಹೂಂ ಅಂತೀನಿ. ಅಲ್ಲೀಗಂಟ ಮದುವೆ ಸುದ್ದಿ ಎತ್ತಂಗಿಲ್ಲ!"

ಬೇಗೂರಿನಲ್ಲಿ, ಅವಳಪ್ಪನ ಅರಿಶಿನದ ಮಿಲ್ಲಿನ ಮುಂದೆ ನಿಂತು ನಗುತ್ತ ಎಸೆದ ಮಾತು. ಬೆಟ್ಟಕ್ಕೆ ಸ್ವಂತ ಗಾಡಿಗಳನ್ನು ಇನ್ನೂ ಬಿಡುತ್ತಿದ್ದ ಕಾಲ. ಮದುವೆಯ ಮಾತೆತ್ತಿದ್ದ ಪಕ್ಕದ ಮನೆಯ ರೇವಂತ್ ಅದನ್ನು ಎದೆಯೊಳಗೆ ಗಂಟು ಹಾಕಿಕೊಂಡುಬಿಟ್ಟ.

ಬೈಕು ಅವನ ತಾತ ಗೋವಿಂದಯ್ಯನವರದು. ಬಂಡೆಗಳ ಮೇಲೆ ಕಾಲು ನೆಲಕ್ಕೆ ತಾಗಿಸದೆ ಓಡಿಸುವ ಟ್ರಯಲ್ಸ್ ಪಂದ್ಯಕ್ಕೆಂದೇ ಮಾಡಿದ್ದು. ಊಟಿ ಕಡೆಯ ಎಸ್ಟೇಟ್ ದೊರೆಯೊಬ್ಬ ದೇಶ ಬಿಡುವಾಗ ಅವರಿಗೆ ಕೊಟ್ಟುಹೋದದ್ದು. ಆ ಕಾಲದಲ್ಲಿ ಆಡಿನಂತೆ ಬಂಡೆ ಹತ್ತುತ್ತಿತ್ತಂತೆ. ಈಗ ಬೇಗೂರಿನ ಬೀದಿಯಲ್ಲಿ ಹುಲಿ, ಬೆಟ್ಟದ ನಾಲ್ಕನೇ ತಿರುವಿನಲ್ಲಿ ಇಲಿಮರಿ. ರೇವಂತ್ ಪ್ಲಗ್ಗು ಬದಲಾಯಿಸಿದ, ಕಾರ್ಬುರೇಟರ್ ತೊಳೆದ, ಸೈಲೆನ್ಸರ್ ಬಿಚ್ಚಿ ಕರಿ ಕೆರೆದ. ಗುಂಡ್ಲುಪೇಟೆಯ ಮೆಕ್ಯಾನಿಕ್ ಸೋಮೇಶನ ಕೈಲಿ ಪಿಸ್ಟನ್ ರಿಂಗು ಹಾಕಿಸಿದ. ನಾಲ್ಕನೇ ತಿರುವು ಮಾತ್ರ ದಾಟಲಿಲ್ಲ.

ಶಿವರಂಜಿನಿಗೂ ಒಳಗೊಳಗೇ ಸಂಕಟ. ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ಬಿಂಕ ಬಿಡದು. ಈಗ ತಾತ ಬೈಕನ್ನೇ ಮಾರಿದ್ದರು. ನಾಳೆ ಮೈಸೂರಿನವರು ಬಂದು ಒಯ್ಯುತ್ತಾರೆ. ಬೈಕು ಹೋದರೆ ಮಾತೂ ಹೋಯಿತು. ರೇವಂತ್ ತಾನಾಗಿ ಮತ್ತೆ ಕೇಳುವ ಆಸಾಮಿಯಲ್ಲ.

ಅದಕ್ಕೇ ಈ ಭಾನುವಾರ ಬೆಳಿಗ್ಗೆ, ಹಿಂದಿನ ಕ್ಯಾರಿಯರ್‌ಗೆ ಮಡಿಸಿ ಕಟ್ಟಿದ ಗೋಣಿತಾಟಿನ ಮೇಲೆ ಕೂತು, ಅವನ ಜರ್ಕಿನ್ನಿನ ಅಂಚನ್ನು ಎರಡೇ ಬೆರಳಲ್ಲಿ ಹಿಡಿದು ಹೊರಟಿದ್ದಳು.

"ಗಟ್ಯಾಗಿ ಇಡ್ಕೊ ಕಣಮ್ಮಿ, ಬಿದ್ದೋದೀಯ."

"ಬೀಳಕ್ಕೆ ಮೊದ್ಲು ಇದು ಓಡ್ಬೇಕಲ್ಲ!"

ಕನ್ನಡಿಯಲ್ಲಿ ಅವನ ಕಣ್ಣು ನಕ್ಕಿತು. ಅವಳು ನೋಡೇ ಇಲ್ಲವೆಂಬಂತೆ ಕಾಡಿನ ಕಡೆ ಮುಖ ತಿರುಗಿಸಿದಳು. ಮತ್ತೆ ನೋಡಿದಳು.

ನಾಲ್ಕನೇ ತಿರುವು ಬಂತು. ಇಂಜಿನ್ ಕೆಮ್ಮಿತು. ಆಕ್ಸಿಲರೇಟರ್ ಪೂರ್ತಿ ತಿರುಗಿಸಿದರೂ ಎಳೆತವಿಲ್ಲ. ಬೈಕು ಸೋತು ನಿಂತಿತು. ರೇವಂತ್ ಕಾಲೂರಿದ.

"ಮುಗೀತು ಬುಡು," ಎಂದ. ಸುಮ್ಮನೆ ಅಭ್ಯಾಸಬಲದಿಂದ, ಪೆಟ್ರೋಲ್ ಇದೆಯೇ ನೋಡಲು ಟ್ಯಾಂಕಿನ ಮುಚ್ಚಳ ತಿರುಗಿಸಿದ. ಸುಯ್ ಎಂದಿತು.

"ಏನದು ಸದ್ದು?"

"ಅದು ಯಾವಾಗ್ಲೂ ಅಂಗೇಯ. ಮುಚ್ಳ ತೆಗುದ್ರೆ ಸುಯ್ ಅಂತದೆ, ಆಮೇಲೆ ಸ್ಟಾರ್ಟೂ ಆಯ್ತದೆ. ಏರಲ್ಲಿ ಒಸಿ ದೂರ ಓಗಿ ತಿರ್ಗಾ ಸಾಯ್ತದೆ."

ಅವಳು ಕ್ಯಾರಿಯರ್‌ನಿಂದ ಜಿಗಿದಳು.

"ಲೋ! ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡುದ್ರೆ ಎಣ್ಣೆ ಇಳೀತದಾ? ಗಾಳಿಗೆ ಅಂತ ಇನ್ನೊಂದು ಹೊಡೀಬೇಕು ತಾನೆ? ಇದ್ರ ಗಾಳಿ ತೂತೆಲ್ಲಿ?"

"ಮುಚ್ಳದಲ್ಲೇ..."

ಅವಳು ಮುಚ್ಚಳ ಕಿತ್ತುಕೊಂಡು ನೋಡಿದಳು. ಬೈಕೆಲ್ಲ ಫಳಫಳ ತೊಳೆದಿದ್ದ. ಮುಚ್ಚಳದ ನಡುವೆ ಮಾತ್ರ ಅರಿಶಿನ, ಕುಂಕುಮ, ಗಂಧ ಪದರ ಪದರವಾಗಿ ಒಣಗಿ ಗಾರೆಯಂತೆ ಕೂತಿತ್ತು. ಅದರ ಮೇಲೊಂದು ಬೆರಳಿನ ಗುರುತು. ಪ್ರತಿ ಆಯುಧಪೂಜೆಗೂ ಮಿಲ್ಲಿನ ಮೋಟಾರು, ತಕ್ಕಡಿ, ಪಕ್ಕದ ಮನೆಯ ಶೆಡ್ಡಿನಲ್ಲಿ ನಿಂತ ಈ ಬೈಕು, ಎಲ್ಲಕ್ಕೂ ಬೊಟ್ಟಿಡುತ್ತಿದ್ದವಳು ಅವಳೇ. ಬೈಕಿಗೆ ಮಾತ್ರ ಕೈ ತುಸು ಧಾರಾಳ.

"ಇಷ್ಟೆಲ್ಲ ತೊಳ್ದವ್ನು ಇದನ್ಯಾಕೋ ಒರೆಸ್ಲಿಲ್ಲ?"

ರೇವಂತ್ ರಸ್ತೆ ನೋಡಿದ. ಕಿವಿ ಕೆಂಪಾಗಿತ್ತು. "ನೀನಿಟ್ಟ ಬೊಟ್ಟು ಕಣಮ್ಮಿ. ಎಂಗೆ ಒರೆಸ್ಲಿ?"

ಅವಳು ದುಪಟ್ಟಾದ ಪಿನ್ನು ಬಿಚ್ಚಿ ಮುಚ್ಚಳದ ನಡುವೆ ಚುಚ್ಚಿದಳು. ಹಳದಿ ಹಕ್ಕಳೆ ಉದುರಿತು. ಬಾಯಿಟ್ಟು ಊದಿದಳು. ಮುಚ್ಚಳದ ಕೆಳಗೆ ಅಂಗೈ ಒಡ್ಡಿದ್ದ ಅವನು ಬೆಚ್ಚಿದ. ಅವಳ ಉಸಿರು ಸೂಜಿಮೊನೆಯಷ್ಟು ತೆಳ್ಳಗೆ ಅಂಗೈಗೆ ತಾಗಿತ್ತು.

"ಗಾಳಿ ಬತ್ತಾ ಅದೆ!" ಎಂದ. ಕೈ ಮಾತ್ರ ಹಿಂದಕ್ಕೆ ತೆಗೆಯಲಿಲ್ಲ.

ಒಂದೇ ಕಿಕ್ಕಿಗೆ ಇಂಜಿನ್ ಗುಡುಗಿತು.

"ಕೂತ್ಕೊ! ಕೆಳಕ್ಕೋಗಿ ಚೆಕ್‌ಪೋಸ್ಟಿಂದ ತಿರ್ಗಾ ಸುರು ಮಾಡನ. ಇಲ್ಲಿ ಕಾಲೂರ್ಬುಟ್ಟಿವ್ನಿ, ಮೋಸ ಬ್ಯಾಡ."

"ಅಯ್ಯೋ ನಿನ್ನ ಸತ್ಯಹರಿಶ್ಚಂದ್ರ!"

ಇಳಿದರು. ಮತ್ತೆ ಹೊರಟರು. ನಾಲ್ಕನೇ ತಿರುವು ಬಂದಾಗ ಇಬ್ಬರೂ ಉಸಿರು ಬಿಗಿಹಿಡಿದರು. ಬೈಕು ತಿರುವನ್ನು ನುಂಗಿಕೊಂಡು ಮೇಲಕ್ಕೆ ನುಗ್ಗಿತು. "ದಾಟ್ತು! ದಾಟ್ತು ಕಣೋ!" ಅವಳು ಕಿರುಚಿದಳು. ಎರಡು ಬೆರಳು ಯಾವಾಗ ಎರಡು ತೋಳಾದವೋ ಅವಳಿಗೇ ಗೊತ್ತಾಗಲಿಲ್ಲ. ಮಂಜು ಮುಖಕ್ಕೆ ರಾಚಿತು. ಮೇಲೆ ಗೋಪುರದ ತುದಿ ಇಣುಕಿತು. ಇನ್ನೇನು, ಎರಡೇ ತಿರುವು.

ಕಾಯಬಹುದಿತ್ತು. ಆದರೆ ಮೂರು ವರ್ಷ ಒಂದು ಬೊಟ್ಟನ್ನು ಒರೆಸದೆ ಇಟ್ಟುಕೊಂಡವನ ಬೆನ್ನಿಗೆ ಕೆನ್ನೆಯಾನಿಸಿ ಇನ್ನೆಷ್ಟು ಹೊತ್ತು ಕಾಯುವುದು?

"ಹೂಂ," ಎಂದಳು, ಅವನ ಕಿವಿಯಲ್ಲಿ.

ಬ್ರೇಕು ಕಿರುಗುಟ್ಟಿತು. ಅವನ ಎರಡೂ ಕಾಲು ನೆಲದ ಮೇಲಿದ್ದವು.

"ಏನಂದೆ?"

"ಕೇಳಿಸ್ಲಿಲ್ವಾ? ಹೂಂ ಅಂದೆ."

"ತುದಿ ಇನ್ನೂ ಬಂದಿಲ್ಲ ಕಣಮ್ಮಿ! ನಾನು ಕಾಲ್ ಬೇರೆ ಊರ್ಬುಟ್ಟೆ!"

"ಊರ್ಕೊ."

ಬೆಟ್ಟದ ತುದಿ ಇನ್ನೂ ಎರಡು ತಿರುವು ಮೇಲಿತ್ತು. ಶಿವರಂಜಿನಿ ಕೊಟ್ಟ ಮಾತನ್ನು ಮುರಿದಳು.