ಸೀಮೆಎಣ್ಣೆ ವಾಸನೆಯ ನೀರು

ಟ್ಯಾಂಕರಿನ ಬಾಯೊಳಗೆ ನನ್ನ ತಲೆ ಇತ್ತು. ಮೂಗಿನ ತುದಿಗೆ ನೀರು.

ಕತ್ತು ಹಿಡಿದಿದ್ದವನು ತೇಜ್‌ಪಾಲ್. ನೋಯ್ಡಾದಲ್ಲಿ ಟ್ಯಾಂಕರ್ ನೀರು ಮಾರುವವರ ಲೀಡರ್.

"ನಮ್ಮ ಹಿಂದೆ ಯಾಕೆ ಬಿದ್ದಿದ್ದೀಯಾ?" ಹಿಂದಿಯಲ್ಲಿ ಕೇಳಿದ.

"ಸುಶೀಲಮ್ಮನ ಪೈಪಿನ ನೀರಿಗೆ ಸೀಮೆಎಣ್ಣೆ ಸುರಿದವನು ನೀನೇ."

ಮುಳುಗಿಸಿದ. ಎತ್ತಿದ.

ಪೊಲೀಸ್ ಕೆಲಸ ಬಿಟ್ಟು ಖಾಸಗಿ ಪತ್ತೇದಾರಿಕೆಗೆ ಇಳಿದವನು ನಾನು. ಇಷ್ಟು ತಣ್ಣನೆಯ ವಿಚಾರಣೆ ಇದೇ ಮೊದಲು.

ಕೇಸು ಕೊಟ್ಟಿದ್ದು ಅಪಾರ್ಟ್‌ಮೆಂಟ್ ಸೊಸೈಟಿಯ ಅಧ್ಯಕ್ಷ ಇಂದುಶೇಖರ. ರಿಟೈರ್ಡ್ ಅಧಿಕಾರಿ. 2006ರ ಬೇಸಿಗೆ ಅದು. ಸೊಸೈಟಿಗೆ ನೀರು ಬರುತ್ತಿದ್ದುದು ಸುಶೀಲಮ್ಮನ ಖಾಸಗಿ ಪೈಪಿನಿಂದ. ನಲ್ಲಿ ತಿರುಗಿಸಿದರೆ ಸೀಮೆಎಣ್ಣೆ ವಾಸನೆ. ಪೈಪ್ ಬಂದ್... ಟ್ಯಾಂಕರ್ ಚಾಲೂ. ಲಾಭ ಯಾರಿಗೋ, ಡೌಟು ಅವರ ಮೇಲೆ.

"ಬೇವಕೂಫ್," ತೇಜ್‌ಪಾಲ್ ಕೈ ಸಡಿಲಿಸಿದ. "ಟ್ಯಾಂಕರ್ ನಮ್ಮದಲ್ಲ. ಹೋಳಿ ಹಬ್ಬಕ್ಕೆ ಮೊದಲೇ ಎಲ್ಲಾ ಮೇಡಂ ಕೊಂಡುಕೊಂಡರು."

"ಯಾವ ಮೇಡಂ?"

"ನಿಮ್ಮ ಸುಶೀಲಮ್ಮನೇ."

ಹೇಳಬಾರದ್ದನ್ನು ಹೇಳಿಬಿಟ್ಟೆನೆಂದು ಅವನಿಗೆ ಆಗ ಹೊಳೆಯಿತು. ಅಷ್ಟರಲ್ಲಿ ನಾನು ಕೆಳಗೆ ಹಾರಿದ್ದೆ. ಟ್ಯಾಂಕರ್ ಹಾರ್ನ್ ಹೊಡೆಯುತ್ತಾ ಹಿಂದೆಯೇ ಬಂತು. ತರಕಾರಿ ಗಾಡಿಗಳ ಗಲ್ಲಿಗೆ ನುಗ್ಗಿದೆ. ಟ್ಯಾಂಕರ್ ಅಲ್ಲೇ ಸಿಕ್ಕಿಬಿತ್ತು.

ನೇರ ಪಂಪ್‌ಹೌಸಿಗೆ ಓಡಿದೆ.

ಸುಶೀಲಮ್ಮ ದಾವಣಗೆರೆಯವರು. ಗಂಡ ಕೇಂದ್ರ ಸರ್ಕಾರದ ಗುಮಾಸ್ತ, ಬೇಗ ತೀರಿಕೊಂಡರು. ಸರ್ಕಾರದ ನೀರು ತಲುಪದ ಸೆಕ್ಟರುಗಳಲ್ಲಿ, ಗಂಡನ ಪಿಎಫ್ ಹಣದಿಂದ ಬೋರ್ ಕೊರೆಸಿ, ಮನೆಮನೆಗೆ ಪೈಪ್ ಎಳೆದ ಮೊದಲಿಗರು ಅವರೇ. ಆಗದವರು ಪೈಪ್ ಒಡೆದರೆ ಸೆರಗು ಸಿಕ್ಕಿಸಿ ತಾವೇ ಗುಂಡಿಗಿಳಿದವರು. ಅಂಥವರು... ತಮ್ಮ ನೀರನ್ನೇ?

ಪಂಪ್‌ಹೌಸಿನಲ್ಲಿ ಒಬ್ಬರೇ ಕೂತಿದ್ದರು. ಮೂರು ಸೆಕ್ಟರಿಗೆ ನೀರು ತಳ್ಳುವ ಮೋಟರಿನ ಮೇಲೆ ಕೈಯಿಟ್ಟೆ. ಬೆರಳಿಗೆ ಧೂಳು ಹತ್ತಿತು.

"ಸೀಮೆಎಣ್ಣೆ ಹಾಕಿದ್ದು ನೀವೇನಾ ಅಮ್ಮಾ?"

"ಹೂಂ."

"ಪೈಪೂ ನಿಮ್ಮದು, ಟ್ಯಾಂಕರೂ ನಿಮ್ಮದು. ಒಳ್ಳೇ ವ್ಯಾಪಾರ."

"ವ್ಯಾಪಾರ ಅಲ್ಲಪ್ಪ. ಬೋರ್ ಬತ್ತಿಹೋಯ್ತು. ಎಲ್ಲಾ ಬೋರೂ." ಸೆರಗಿನಿಂದ ಮುಖ ಒರೆಸಿಕೊಂಡರು. "ಯಾರೋ ನೀರು ಕೆಡಿಸಿದ್ರು ಅಂದ್ರೆ ಜನ ಕಾಯ್ತಾರೆ. ನೀರೇ ಇಲ್ಲ ಅಂದ್ರೆ ಕಾಯ್ತಾರಾ? ಕಾಲುವೆ ನೀರಿನ ಲೈನ್‌ಗೆ ಓಡಾಡ್ತಾ ಇದ್ದೀನಿ. ಅಲ್ಲೀವರೆಗೆ ಹಳ್ಳಿಗಳಿಂದ ಟ್ಯಾಂಕರಲ್ಲಿ ನೀರು ತರಿಸಿ ದಿನ ತಳ್ಳೋಣ ಅಂತ..."

"ನಾನು ಸೊಸೈಟಿಗೆ ಹೇಳಲೇಬೇಕು."

"ಹೇಳಪ್ಪ. ನಂಗೂ ಸಾಕಾಗಿದೆ."

ಸೊಸೈಟಿ ಆಫೀಸಿನಲ್ಲಿ ಇಂದುಶೇಖರ ಎಲ್ಲ ಕೇಳಿಸಿಕೊಂಡರು. ಎದ್ದು ಬಾಗಿಲು ಹಾಕಿದರು.

"ಬೇರೆ ಯಾರಿಗಾದರೂ ಹೇಳಿದಿರಾ?"

"ಇಲ್ಲ."

"ಅಚ್ಛಾ. ಹೇಳಬೇಡಿ. ಟ್ಯಾಂಕರಿನವರ ಕೈವಾಡ ಅಂತ ರಿಪೋರ್ಟ್ ಕೊಡಿ."

"ಸುಳ್ಳು ಬರೆಯಲ್ಲ ಸಾರ್. ಇಲ್ಲಿ ಇಷ್ಟೊಂದು ಸಂಸಾರಗಳಿವೆ. ಅವರಿಗೆ ಗೊತ್ತಾಗಬೇಡವೇ?"

ಅವರು ಗೇಟಿನವರೆಗೂ ಜೊತೆಗೇ ಬಂದರು. ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ಒಂದು ವಾರ ಸುಮ್ಮನಿರಿ... ಮತ್ತೆ, ನಿಮ್ಮ ಪರಿಚಯದ ಕನ್ನಡದವರು ಯಾರಾದರೂ ಮನೆ ಹುಡುಕುತ್ತಿದ್ದರೆ ಹೇಳಿ. ನನ್ನ ಫ್ಲಾಟ್ ಮಾರೋದಿದೆ."