ಹಸಿರು ಕಾರಿನ ಎರಡು ಉಸಿರು

ಅಮ್ಮ ರಬ್ಬರ್ ಪೈಪಿನ ಒಂದು ತುದಿಯನ್ನು ಎಡಗಿವಿಗೆ ಸಿಕ್ಕಿಸಿಕೊಂಡಳು. ಇನ್ನೊಂದು ತುದಿಯನ್ನು ಓಡುತ್ತಿದ್ದ ಇಂಜಿನ್ನಿನ ಪಕ್ಕಕ್ಕೆ ಹಿಡಿದು ಕಣ್ಣು ಮುಚ್ಚಿದಳು. ಬಲಗೈಯಲ್ಲಿ ಸ್ಕ್ರೂಡ್ರೈವರ್ ಇತ್ತು.

ನಟ್ಟು ಉಸಿರು ಬಿಗಿಹಿಡಿದು ಟಾರ್ಚ್ ಹಿಡಿದಿದ್ದಳು. ಅಮ್ಮನ ಕಿವಿಯಲ್ಲಿ ಪೈಪ್ ಇರುವಾಗ ಯಾರೂ ಪಿಟಕ್ಕೆನ್ನಬಾರದು. ಅದು ಶೆಡ್ಡಿನ ಕಾನೂನು.

ಅವಳ ನಿಜವಾದ ಹೆಸರು ಶಾಲೆಯ ರಿಜಿಸ್ಟರಿನಲ್ಲಿ ಮಾತ್ರ ಇತ್ತು. ಮನೆಯಲ್ಲಿ, ಬೀದಿಯಲ್ಲಿ ಎಲ್ಲರಿಗೂ ಅವಳು ನಟ್ಟು. ಹುಟ್ಟಿದಾಗ ಅಷ್ಟು ಚಿಕ್ಕದಾಗಿ, ಗಟ್ಟಿಯಾಗಿ ಇದ್ದಳಂತೆ. ಹಳೆಯ ಕಾರುಗಳನ್ನು ರಿಪೇರಿ ಮಾಡುವವಳ ಮಗಳಿಗೆ ಬೇರೆ ಎಂಥ ಹೆಸರು ಬರಬೇಕು?

ಶೆಡ್ಡಿನ ತುಂಬ ಆ ಕಾರು ಕೂತಿತ್ತು. ಹಸಿರು ಬಣ್ಣ, ಎರಡೇ ಸೀಟು, ಮೇಲೆ ಛಾವಣಿಯಿಲ್ಲ. ಅಮ್ಮ ಹುಟ್ಟುವ ಮೊದಲೇ ಬ್ರಿಟನ್ನಿನಲ್ಲಿ ತಯಾರಾದದ್ದು. ಮುಂದಿನ ಎರಡು ದೀಪಗಳು ಗುಡ್ಡೆಗಣ್ಣಿನಂತೆ ಉಬ್ಬಿದ್ದರಿಂದ ನಟ್ಟು ಅದಕ್ಕೆ ಮಿಡತೆ ಎಂದು ಹೆಸರಿಟ್ಟಿದ್ದಳು. ಪ್ರೀತಿಯಿಂದ ಇಟ್ಟ ಹೆಸರಲ್ಲ ಅದು.

ಮಿಡತೆ ಹಲ್ಲಿನ ಡಾಕ್ಟರದು. ಪ್ರತಿ ವರ್ಷ ಹಳೆಯ ಕಾರುಗಳಿಗೊಂದು ಗುಡ್ಡ ಹತ್ತುವ ರೇಸ್ ನಡೆಯುತ್ತದೆ. ಹೋದ ವರ್ಷ ಡಾಕ್ಟರು ಎಲ್ಲರಿಗಿಂತ ಕೊನೆಯವರು. ಒಂದು ಸೈಕಲ್ ಕೂಡ ತಮ್ಮನ್ನು ಹಿಂದೆ ಹಾಕಿತು ಎಂದು ಅವರೇ ನಗುತ್ತ ಹೇಳಿದ್ದರು. ಈ ಸಲ ಇಂಜಿನ್ನಿಗೆ ಹುರುಪು ತುಂಬಿಕೊಡು ಎಂದು ಕಾರನ್ನು ಅಮ್ಮನ ಕೈಗೆ ಒಪ್ಪಿಸಿದ್ದರು. ರೇಸ್ ನಾಳೆ.

ಇಂಜಿನ್ನಿಗೆ ಜೋರು ಬರಬೇಕಾದರೆ ಅದು ಸಲೀಸಾಗಿ ಉಸಿರಾಡಬೇಕು ಎಂದು ಅಮ್ಮ ಹೇಳುತ್ತಿದ್ದಳು. ಅದಕ್ಕಾಗಿ ಮೂರು ವಾರ ಬೆವರು ಸುರಿಸಿದ್ದಳು. ಗಾಳಿ ಒಳಗೆ ಹೋಗುವ ದಾರಿಯನ್ನು ಚಿಕ್ಕ ಗ್ರೈಂಡರಿನಿಂದ ಉಜ್ಜಿ ಉಜ್ಜಿ ಕನ್ನಡಿಯ ಹಾಗೆ ನುಣುಪು ಮಾಡಿದಳು. ಹೊಗೆ ಹೊರಹೋಗುವ ಕೊಳವೆಯನ್ನು ಹೊಸದಾಗಿ ಬಗ್ಗಿಸಿ ಹಾಕಿದಳು. ಗ್ರೈಂಡರ್ ಕಿರುಚುವಾಗ ನಟ್ಟು ಎರಡೂ ಕಿವಿ ಮುಚ್ಚಿಕೊಂಡು ಓಡುತ್ತಿದ್ದಳು. ಅಮ್ಮ ಮಾತ್ರ ಕಿವಿಗೆ ಹತ್ತಿ ಇಟ್ಟವಳಲ್ಲ. ಹತ್ತಿ ಇಟ್ಟರೆ ಲೋಹ ಮಾತಾಡೋದು ಕೇಳಿಸಲ್ಲ ಅನ್ನುತ್ತಿದ್ದಳು.

ಈಗ ಉಳಿದಿದ್ದು ಕೊನೆಯ ಕೆಲಸ. ಮಿಡತೆಗೆ ಎರಡು ಕಾರ್ಬುರೇಟರ್. ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವುದು ಅವುಗಳ ಕೆಲಸ. ಎರಡೂ ಒಂದೇ ಸಮ ಗಾಳಿ ಎಳೆದುಕೊಳ್ಳಬೇಕು. ಒಂದು ಜಾಸ್ತಿ, ಒಂದು ಕಮ್ಮಿ ಆದರೆ ಇಂಜಿನ್ ಮುಗ್ಗರಿಸುತ್ತದೆ. ದೊಡ್ಡ ಗ್ಯಾರೇಜಿನಲ್ಲಿ ಇದಕ್ಕೆ ಮೀಟರ್ ಇದೆ. ಅಮ್ಮನಿಗೆ ಕಿವಿಯೇ ಮೀಟರ್. ಪೈಪಿನಲ್ಲಿ ಬರುವ 'ಸ್ಸ್ಸ್' ಸದ್ದು ಕೇಳಿಯೇ ಕೂದಲೆಳೆಯಷ್ಟು ವ್ಯತ್ಯಾಸ ಹಿಡಿಯುತ್ತಾಳೆ ಎಂದು ಬೇರೆ ಊರಿನವರೂ ಅವಳನ್ನು ಹುಡುಕಿಕೊಂಡು ಬರುತ್ತಿದ್ದರು.

ಅಮ್ಮ ಪೈಪನ್ನು ಒಂದರಿಂದ ಇನ್ನೊಂದಕ್ಕೆ ಇಟ್ಟಳು. ಸ್ಕ್ರೂ ತುಸು ತಿರುಗಿಸಿದಳು. ಮತ್ತೆ ಕೇಳಿದಳು. ಕಣ್ಣು ತೆರೆದಾಗ ಮುಖ ಅರಳಿತ್ತು.

"ಎರಡೂ ಒಂದೇ. ಎಷ್ಟು ಮೆತ್ತಗೆ ಉಸಿರಾಡ್ತಿವೆ ಗೊತ್ತಾ ನಟ್ಟೂ? ಕೇಳಿಸ್ದೇ ಇರೋಷ್ಟು ಮೆತ್ತಗೆ. ಅಷ್ಟು ಪಾಲಿಶ್ ಮಾಡಿದ್ದು ಸಾರ್ಥಕ ಆಯ್ತು. ತಗೋ, ನೀನೂ ಕೇಳು."

ನಟ್ಟು ಪೈಪನ್ನು ಕಿವಿಗೆ ಇಟ್ಟುಕೊಂಡಳು. ಮೊದಲನೆಯ ಕಾರ್ಬುರೇಟರಿನ ಸದ್ದಿಗೆ ಬೆಚ್ಚಿಬಿದ್ದಳು. ಅದು ಹಾವಿನ ಹಾಗೆ ಬುಸುಗುಡುತ್ತಿತ್ತು. ಎರಡನೆಯದು ಅದರ ಅರ್ಧದಷ್ಟೂ ಇರಲಿಲ್ಲ.

ಅಮ್ಮ ತಮಾಷೆ ಮಾಡುತ್ತಿದ್ದಾಳೆ, ತನ್ನನ್ನು ಪರೀಕ್ಷೆ ಮಾಡುತ್ತಿದ್ದಾಳೆ ಎಂದುಕೊಂಡಳು. ತಲೆಯೆತ್ತಿ ನೋಡಿದಳು. ಅಮ್ಮನ ಮುಖದಲ್ಲಿ ತಮಾಷೆಯ ಗುರುತೇ ಇರಲಿಲ್ಲ. ಇಂಜಿನ್ ಆರಿಸಿ, ಕೈ ತೊಳೆಯಲು ನಲ್ಲಿಯ ಕಡೆ ಹೋದಳು.

ಹಿಂದೆಲ್ಲ ನಟ್ಟು ಅಡುಗೆಮನೆಯಲ್ಲಿ ಬಿಸ್ಕತ್ತಿನ ಡಬ್ಬಿ ತೆಗೆದರೆ, ಶೆಡ್ಡಿನಲ್ಲಿ ಕಾರಿನ ಕೆಳಗೆ ಮಲಗಿದ್ದ ಅಮ್ಮ ಅಲ್ಲಿಂದಲೇ "ಎರಡೇ ತಗೋ" ಅನ್ನುತ್ತಿದ್ದಳು. ಅಂಥ ಕಿವಿಗೆ ಇದು ಕೇಳಿಸಲಿಲ್ಲವೇ?

ಅವಳು ಟವೆಲ್ ಹಿಡಿದು ಅಮ್ಮನ ಎಡಗಡೆ ಹೋಗಿ ನಿಂತಳು.

"ಅಮ್ಮ, ನಿನ್ನ ಸ್ಪ್ಯಾನರೆಲ್ಲ ಬಾವಿಗೆ ಹಾಕ್ಬಿಟ್ಟೆ," ಎಂದಳು ಮೆಲ್ಲಗೆ.

ಅಮ್ಮ ಉಗುರಿನ ಸಂದಿಯ ಗ್ರೀಸ್ ಉಜ್ಜುತ್ತಲೇ ಇದ್ದಳು.

ನಟ್ಟು ಸುತ್ತಿಕೊಂಡು ಬಲಗಡೆಗೆ ಬಂದಳು. ಇನ್ನೂ ಸಣ್ಣ ದನಿಯಲ್ಲಿ ಅದನ್ನೇ ಹೇಳಿದಳು.

ಅಮ್ಮ ಗಕ್ಕನೆ ತಿರುಗಿದಳು. "ಏನು? ಯಾವ ಬಾವಿಗೆ?"

ನಟ್ಟುವಿನ ಕೈಯಿಂದ ಟವೆಲ್ ಜಾರಿ ನೆಲಕ್ಕೆ ಬಿತ್ತು. ಅಷ್ಟರಲ್ಲಿ ಗೇಟಿನ ಹತ್ತಿರ ಡಾಕ್ಟರ ದನಿ ಕೇಳಿಸಿತು.

ಡಾಕ್ಟರು ಉಕ್ಕುವ ಉತ್ಸಾಹದಲ್ಲಿದ್ದರು. ಟೋಪಿ ಹಾಕಿಕೊಂಡು, ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ನೀರಿನ ಟ್ಯಾಂಕಿನ ಏರು ರಸ್ತೆಯ ಕಡೆಗೆ ಕಾರು ಓಡಿಸಿಕೊಂಡು ಹೋದರು. ನಟ್ಟು ಗೇಟಿನಲ್ಲಿ ನಿಂತು ಕಿವಿಗೊಟ್ಟಳು. ಮಟ್ಟ ರಸ್ತೆಯಲ್ಲಿ ಮಿಡತೆ ಚೆನ್ನಾಗಿಯೇ ಹಾಡಿತು. ಏರು ಶುರುವಾದ ಕಡೆ ಹಾಡು ತುಂಡಾಯಿತು. ಢಬ್, ಢಬ್ ಎಂದು ಕೆಮ್ಮತೊಡಗಿತು. ಎದುರಿನ ಟಯರ್ ಅಂಗಡಿಯವನು ಕೂಡ ಕೆಲಸ ಬಿಟ್ಟು ಆ ಕಡೆ ನೋಡಿದ.

ವಾಪಸು ಬಂದಾಗ ಡಾಕ್ಟರು ನಗುತ್ತಿರಲಿಲ್ಲ. ಬೇಸರವನ್ನು ಅವರು ಮೃದುವಾಗಿಯೇ ಹೇಳಿದರು. ಕಾರು ಹೋದ ವರ್ಷಕ್ಕಿಂತ ಹಿಂದೆ ಬಿದ್ದಿದೆ ಎಂದರು. ಅಮ್ಮ ಎರಡು ಸಲ, "ಬ್ಯಾಲೆನ್ಸ್ ಸರಿಯಾಗಿದೆ, ನಾನೇ ಕೇಳಿದೀನಿ" ಎಂದಳು. ಎರಡನೆಯ ಸಲ ದನಿ ಕುಸಿದಿತ್ತು.

"ನೋಡಮ್ಮ," ಎಂದರು ಡಾಕ್ಟರು, "ಒಂದು ಗಂಟೆ ಬಿಟ್ಟು ಬರ್ತೀನಿ. ಆಗ್ಲಿಲ್ಲ ಅಂದ್ರೆ ದೊಡ್ಡ ಗ್ಯಾರೇಜಿಗೆ ತಗೊಂಡು ಹೋಗ್ತೀನಿ. ಅವರ ಹತ್ರ ಮೀಟರ್ ಇದೆ. ಬೇಜಾರು ಮಾಡ್ಕೋಬೇಡ."

ಅವರು ಹೋದ ಮೇಲೆ ಟಯರ್ ಅಂಗಡಿಯವನು ಅಲ್ಲಿಂದಲೇ ಕೂಗಿ, ಇಷ್ಟು ವರ್ಷದಲ್ಲಿ ನಿನ್ನ ಶೆಡ್ಡಿಂದ ಕೆಮ್ಮಿಕೊಂಡು ಹೋದ ಕಾರು ಇದೇ ಮೊದಲು ಎಂದ. ಅಮ್ಮ ಶೆಡ್ಡಿನ ಬಾಗಿಲು ಅರ್ಧ ಎಳೆದುಬಿಟ್ಟಳು.

ಮತ್ತೆ ಇಂಜಿನ್ ಶುರುವಾಯಿತು. ಮತ್ತೆ ಎಡಗಿವಿಗೆ ಪೈಪ್ ಏರಿತು. ಅಮ್ಮ ಮೊದಲನೆಯದನ್ನು ಕೇಳಿದಳು, ಎರಡನೆಯದನ್ನು ಕೇಳಿದಳು. ಹಣೆಯಲ್ಲಿ ಬೆವರು ಒಡೆಯಿತು. "ಒಂದೇ ಇದೆಯಲ್ಲ," ಎಂದು ತನ್ನಷ್ಟಕ್ಕೆ ಗೊಣಗಿದಳು.

ಪೈಪ್ ಕಿವಿಯಲ್ಲಿರುವಾಗ ಮಾತಾಡಬಾರದು. ನಟ್ಟು ಮಾತಾಡಲಿಲ್ಲ. ಟಾರ್ಚನ್ನು ಬಾನೆಟ್ಟಿನ ಅಂಚಿಗೆ ಇಟ್ಟಳು. ಅಮ್ಮನ ಎಡಗಿವಿಯಿಂದ ಪೈಪಿನ ತುದಿಯನ್ನು ಬಿಡಿಸಿಕೊಂಡು, ತುದಿಗಾಲಿನಲ್ಲಿ ನಿಂತು, ಅದನ್ನು ಅವಳ ಬಲಗಿವಿಗೆ ಇಟ್ಟಳು.

ಅಮ್ಮ ಬೈಯಲು ಬಾಯಿ ತೆರೆದವಳು ಹಾಗೆಯೇ ನಿಂತುಬಿಟ್ಟಳು.

ಪೈಪನ್ನು ಎಡಗಿವಿಗೆ ತಂದಳು. ಮತ್ತೆ ಬಲಗಿವಿಗೆ. ಮತ್ತೆ ಎಡಕ್ಕೆ. ಅವಳ ಮುಖದ ಬಣ್ಣವೇ ಹಾರಿಹೋಯಿತು. ಮನೆಯ ದೀಪ ಇದ್ದಕ್ಕಿದ್ದಂತೆ ಹೋದರೆ ಜನ ಗೋಡೆ ತಡಕುತ್ತಾರಲ್ಲ, ಹಾಗೆ ಅವಳ ಬೆರಳುಗಳು ಎಡಗಿವಿಯನ್ನು ಮುಟ್ಟಿ ಮುಟ್ಟಿ ನೋಡಿದವು.

ಇಂಜಿನ್ ಓಡುತ್ತಲೇ ಇತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅಮ್ಮ ಪೈಪನ್ನು ಬಲಗೈಯಲ್ಲಿ ಹಿಡಿದು, ಸ್ಕ್ರೂಡ್ರೈವರನ್ನು ಎಡಗೈಗೆ ತೆಗೆದುಕೊಂಡಳು. "ಲೈಟು ಆ ಕಡೆಯಿಂದ ಹಿಡಿ," ಎಂದಳು ಅಷ್ಟೇ.

ಎಡಗೈಗೆ ಆ ಕೆಲಸ ಗೊತ್ತಿರಲಿಲ್ಲ. ಸ್ಕ್ರೂಡ್ರೈವರ್ ಎರಡು ಸಲ ಜಾರಿತು. ಆದರೆ ಬಲಗಿವಿಗೆ ಎಲ್ಲ ಗೊತ್ತಿತ್ತು. ಒಂದು ಕಡೆ ಕಾಲು ಸುತ್ತು ಬಿಗಿ, ಇನ್ನೊಂದು ಕಡೆ ಒಂದಿಷ್ಟು ಸಡಿಲ. ಕೊನೆಗೆ ಅಮ್ಮ ಪೈಪನ್ನು ನಟ್ಟುವಿಗೆ ಚಾಚಿದಳು. ಈ ಸಲ ಸುಮ್ಮನೆ ಕೇಳಲಿ ಎಂದು ಕೊಟ್ಟದ್ದಲ್ಲ. ನಟ್ಟು ಎರಡನ್ನೂ ಮೂರು ಮೂರು ಸಲ ಕೇಳಿ ತಲೆಯಾಡಿಸಿದಳು. ಎರಡು ಹಾವುಗಳೂ ಒಂದೇ ಶ್ರುತಿಯಲ್ಲಿ ಬುಸುಗುಡುತ್ತಿದ್ದವು.

ಗಂಟೆ ಬಿಟ್ಟು ಬಂದ ಡಾಕ್ಟರು ಈ ಸಲ ಒಬ್ಬರೇ ಕಾರು ತೆಗೆದುಕೊಂಡು ಹೋದರು. ಮಿಡತೆ ಏರನ್ನು ಒಂದೇ ಉಸಿರಿಗೆ ಹತ್ತಿತು. ಸದ್ದು ಎಲ್ಲಿಯೂ ಒಡೆಯಲಿಲ್ಲ. ವಾಪಸು ಬಂದ ಡಾಕ್ಟರ ಕಣ್ಣುಗಳು ಕಾರಿನ ದೀಪಗಳಷ್ಟೇ ದೊಡ್ಡವಾಗಿದ್ದವು. ಟೋಪಿ ಎಲ್ಲೋ ಹಾರಿಹೋಗಿತ್ತು, ಅದು ಅವರಿಗೆ ಗೊತ್ತೇ ಇರಲಿಲ್ಲ.

"ಏನು ಮಾಡಿದೆ ಇದಕ್ಕೆ? ನಂಗೇ ಹೆದರಿಕೆ ಆಯ್ತು."

"ಕೇಳೋದ್ರಲ್ಲಿ ತಪ್ಪಾಗಿತ್ತು," ಎಂದಳು ಅಮ್ಮ. ಡಾಕ್ಟರು ಹೊರಡುವಾಗ, ಯಾವುದೋ ಬೋಲ್ಟ್ ವಿಚಾರಿಸುವ ಹಾಗೆ ಕೇಳಿದಳು, "ಕಿವಿಗೆ ಒಳ್ಳೆ ಡಾಕ್ಟರ್ ಯಾರಾದ್ರೂ ಇದಾರಾ? ನಮ್ಮ ಪರಿಚಯದವರೊಬ್ರಿಗೆ ಬೇಕಾಗಿತ್ತು."

ನಟ್ಟು ತನ್ನ ಚಪ್ಪಲಿ ನೋಡಿಕೊಂಡಳು.

ಸಂಜೆ ಇಬ್ಬರೂ ಹಾಲು ತರಲು ಹೊರಟರು. ಎಂದಿನಂತೆ ಅಮ್ಮ ರಸ್ತೆಯ ಕಡೆಗೆ, ನಟ್ಟು ಅವಳ ಎಡಕ್ಕೆ, ಗೋಡೆಯ ಕಡೆಗೆ. ಗಾಡಿಗಳು ತಾಕಬಾರದೆಂದು ಅಮ್ಮ ಯಾವಾಗಲೂ ಹೀಗೆಯೇ ನಡೆಸುತ್ತಿದ್ದಳು.

ನಾಲ್ಕು ಹೆಜ್ಜೆ ಹೋದಾಗ ನಟ್ಟುವಿಗೆ ಒಂದೊಂದೇ ನೆನಪಾಗತೊಡಗಿತು. ಹೋದ ವಾರ ಇದೇ ದಾರಿಯಲ್ಲಿ, ತಾನು ಶಾಲೆಯ ರಿಲೇ ಟೀಮಿಗೆ ಸೆಲೆಕ್ಟ್ ಆದೆ ಎಂದು ಹೇಳಿದ್ದಳು. ಅಮ್ಮ "ಹೂಂ, ಹಾಗೇ ಮಾಡು" ಅಂದಿದ್ದಳು. ಅದಕ್ಕೂ ಮೊದಲು ಹೇಳಿದ ಆನೆಯ ಜೋಕಿಗೆ ನಕ್ಕಿರಲಿಲ್ಲ. ಊಟದ ಟೇಬಲ್ಲಿನಲ್ಲೂ ನಟ್ಟುವಿನ ಕುರ್ಚಿ ಇರುವುದು ಎಡಕ್ಕೆ. ಅಮ್ಮನಿಗೆ ಈಗ ಮಿಡತೆಯ ಮಾತು ಮಾತ್ರ ಬೇಕು, ನನ್ನದು ಬೇಡ ಎಂದು ಅವಳು ಮೂರು ವಾರದಿಂದ ಮುಖ ಊದಿಸಿಕೊಂಡಿದ್ದಳು.

ನಟ್ಟು ನಿಂತಳು. ಅಮ್ಮನ ತೋಳು ಜಗ್ಗಿದಳು.

"ಆ ಕಡೆ ಫುಟ್‌ಪಾತ್ ಮೇಲೆ ಹೋಗೋಣ."

"ಯಾಕೆ?"

"ಸುಮ್ನೆ. ಅಲ್ಲಿ ನೆರಳಿದೆ."

ಸೂರ್ಯ ಮುಳುಗಿ ಆಗಲೇ ಹೊತ್ತಾಗಿತ್ತು. ಅಮ್ಮ ಆಕಾಶ ನೋಡಿದಳು, ಮಗಳನ್ನು ನೋಡಿದಳು, ರಸ್ತೆ ದಾಟಿಸಿದಳು. ಆ ಬದಿಯಲ್ಲಿ ಗೋಡೆ ಬಲಕ್ಕೆ ಬಂತು. ನಟ್ಟುವೂ ಬಲಕ್ಕೆ ಬಂದಳು. ನಾಳೆಯಿಂದ ಕುರ್ಚಿಯನ್ನೂ ಈ ಕಡೆಗೆ ಎಳೆದುಕೊಳ್ಳಬೇಕು, ಯಾರು ಕೇಳಿದರೂ ಫ್ಯಾನಿನ ಗಾಳಿ ಬರುತ್ತೆ ಅಂದುಬಿಡಬೇಕು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಳು.

ಆಮೇಲೆ ಸಾಧಾರಣ ದನಿಯಲ್ಲಿ ಹೇಳಿದಳು, "ಅಮ್ಮ, ನಾನು ರಿಲೇ ಟೀಮಲ್ಲಿದೀನಿ."

ಅಮ್ಮ ನಡಿಗೆ ನಿಲ್ಲಿಸಿ ಕಣ್ಣರಳಿಸಿದಳು. "ಯಾವಾಗ? ನಂಗೆ ಹೇಳ್ಲೇ ಇಲ್ಲ ನೀನು."

"ಈಗ ಹೇಳ್ತಿದೀನಲ್ಲ," ಎಂದಳು ನಟ್ಟು.