ಮೂತಿ ತಟ್ಟಿ ಹೋದವನು

ಬುಧವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸನ್ನು ಯಾರೆಂದು ಯಾರೂ ಕೇಳಲಿಲ್ಲ. ಸಮುದ್ರದ ಮೇಲೆ ಹಾರುತ್ತಲೇ ಕಾಣೆಯಾದ ಪ್ರಯಾಣಿಕರ ವಿಮಾನದ ಕ್ಯಾಪ್ಟನ್‌ನ ಹೆಂಡತಿ ಆಕೆ. ಒಂಬತ್ತು ದಿನಗಳಿಂದ ಟೀವಿಯವರು ಆಕೆಯ ಮುಖವನ್ನು ಅರೆದು ಅರೆದು ಊರಿಗೆಲ್ಲ ಬಡಿಸಿದ್ದರು.

"ನಿನ್ನೆ ನಾನಿಲ್ಲದಾಗ ಮನೇಲಿ ಕಳ್ಳತನ ಆಗಿದೆ. ನಮ್ಮನೆಯವರ ಕಂಪ್ಯೂಟರ್. ವಿಮಾನ ಹಾರಿಸೋ ಅಭ್ಯಾಸ ಅದರಲ್ಲೇ ಮಾಡ್ತಿದ್ರು."

"ಒಡವೆ?" ಇನ್‌ಸ್ಪೆಕ್ಟರ್ ಕೇಳಿದರು.

"ಮುಟ್ಟಿಲ್ಲ."

"ಬೀಗ?"

"ಒಡೆದಿಲ್ಲ. ಬೀಗದ ಕೈ ಹೂಕುಂಡದ ಕೆಳಗಿಡ್ತೀವಿ. ಅಲ್ಲೇ ವಾಪಸ್ ಇಟ್ಟು ಹೋಗಿದಾನೆ." ಆಕೆ ಕುರ್ಚಿ ಎಳೆದು ಕೂತರು. "ಶುಕ್ರವಾರ ವಿಮಾನ ಹುಡುಕೋದು ನಿಲ್ಲಿಸ್ತಾರಂತೆ. ಬೇಕಂತಲೇ ಮುಳುಗಿಸಿದ ಅಂತ ಟೀವಿಯವರು ತೀರ್ಪೇ ಕೊಟ್ಟಾಯ್ತು. ಈಗ ನಾನೇ ಸಾಕ್ಷಿ ಬಚ್ಚಿಟ್ಟೆ ಅಂತಾರೆ. ಇನ್ನು ಯಾರು ಹುಡುಕ್ತಾರೆ ಹೇಳಿ."

ಇನ್‌ಸ್ಪೆಕ್ಟರ್ ತಲೆ ತಗ್ಗಿಸಿ ಬರೆಯತೊಡಗಿದರು. ಹಿಂದಿನ ದಿನ ಊಟಕ್ಕೆ ಕೂತು, ಅವನೇ ಮುಳುಗಿಸಿರಬೇಕು ಬಿಡು ಎಂದು ಹೆಂಡತಿಗೆ ತಾವೂ ಹೇಳಿದ್ದರು.

ಎಫ್‌ಐಆರ್ ಆಯಿತು. ಮಧ್ಯಾಹ್ನ ಸ್ಥಳ ಪಂಚನಾಮೆ. ಧೂಳಿನ ಮೇಜಿನ ಮೇಲೆ ಕಂಪ್ಯೂಟರಿದ್ದ ಜಾಗ ಮಾತ್ರ ಚೌಕಾಕಾರಕ್ಕೆ ಹೊಳೆಯುತ್ತಿತ್ತು. ಎದುರು ಮನೆಯ ಮುದಿ ಟೈಲರ್ ಕಿಟಕಿಯಿಂದ ಎಲ್ಲ ನೋಡಿದ್ದ.

"ಟೋಪಿ ಹಾಕಿದ್ದ, ಮುಖ ಕಾಣಲಿಲ್ಲ. ಏನೋ ಡಬ್ಬ ತಂದು ಕಾರಿಗೆ ಹಾಕ್ದ. ಕಳ್ಳ ಅಂದ್ಮೇಲೆ ಎದ್ನೋ ಬಿದ್ನೋ ಅಂತ ಓಡ್ಬೇಕಲ್ವಾ ಸ್ವಾಮಿ? ಇವನು ಕಾರಿಗೆ ಒಂದು ಸುತ್ತು ಬಂದ. ಚಕ್ರ ಚಕ್ರಕ್ಕೂ ಬೂಟಲ್ಲಿ ತಟ್ಟಿದ. ಬಗ್ಗಿ, ಎಣ್ಣೆ ಸೋರ್ತಿದೆಯಾ ಅಂತ ನೋಡ್ದ. ಕೊನೆಗೆ ಕಾರಿನ ಮೂತಿ ತಟ್ಟಿ, ಮಗೂಗೆ ತಟ್ಟಿದ ಹಾಗೆ, ಆಮೇಲೆ ಹೊರಟ."

"ಇಷ್ಟು ಪುರುಸೊತ್ತಿರೋ ಕಳ್ಳನ್ನ ನನ್ನ ಸರ್ವೀಸಲ್ಲೇ ಕಂಡಿಲ್ಲ ಸಾರ್," ಎಂದ ಕಾನ್‌ಸ್ಟೆಬಲ್.

ಕ್ಯಾಪ್ಟನ್ ಹೆಂಡತಿ ನಗಲಿಲ್ಲ. ಟೈಲರ್ ಹತ್ತಿರಕ್ಕೆ ಬಂದರು. "ಯಾವ ಕೈಲಿ ತಟ್ಟಿದ?"

"ಎಡಗೈಲಿ ಕಣಮ್ಮ. ಎರಡು ಸಲ."

ಆಕೆಯ ಮುಖಕ್ಕೆ ಜೀವ ಬಂದುಬಿಟ್ಟಿತು. "ನಮ್ಮನೆಯವರು ವಿಮಾನ ಹತ್ತೋ ಮುಂಚೆ ಹಾಗೇ ಮಾಡೋದು. ಹಾಲು ತರೋಕೆ ಸ್ಕೂಟರ್ ತೆಗೆದ್ರೂ ಬಿಡ್ತಿರಲಿಲ್ಲ."

"ಆಳು ಹೇಗಿದ್ದ?" ಇನ್‌ಸ್ಪೆಕ್ಟರ್ ಟೈಲರನ್ನು ಕೇಳಿದರು.

"ಗಿಡ್ಡ. ಊದಿದ್ರೆ ಹಾರಿಹೋಗೋ ಹಾಗಿದ್ದ."

ಗೋಡೆಯ ಫೋಟೋದಲ್ಲಿ ಕ್ಯಾಪ್ಟನ್‌ನ ತಲೆ ಬಾಗಿಲ ಚೌಕಟ್ಟಿಗೆ ತಾಗುವಂತಿತ್ತು. ಆಕೆ ಮೆಲ್ಲಗೆ ಕೂತರು.

"ಈ ತಟ್ಟೋ ಅಭ್ಯಾಸಾನ ಅವರು ಯಾರಿಗಾದ್ರೂ ಕಲಿಸಿದ್ರಾ?" ಇನ್‌ಸ್ಪೆಕ್ಟರ್ ಆಕೆಯನ್ನು ಕೇಳಿದರು.

"ಕೈಕೆಳಗೆ ಕಲಿತ ಹುಡುಗರು ಬಹಳ ಜನ. ವಿಮಾನ ನಿಲ್ದಾಣದಲ್ಲೇ ಕೇಳಿ."

ಗುರುವಾರ ವಿಮಾನ ನಿಲ್ದಾಣದ ಪೈಲಟ್‌ಗಳ ವಿಶ್ರಾಂತಿ ಕೋಣೆ. ಕಾಗದದ ಲೋಟಗಳು, ಬಿಚ್ಚಿದ ಟೈಗಳು, ಒಂದೇ ಮಾತು.

"ಬೆಂಕಿ ಬಿದ್ದಿರಬೇಕು. ರೇಡಿಯೋನೇ ಮೊದಲು ಹೋಗಿರುತ್ತೆ," ಎಂದರು ನರೆಗೂದಲಿನ ಪೈಲಟ್.

"ಒಳಗಿನ ಗಾಳಿ ಸೋರಿ ಎಲ್ಲರಿಗೂ ಮಂಪರು ಹತ್ತಿರಬೇಕು," ಎಂದ ಇನ್ನೊಬ್ಬ.

ದಪ್ಪ ಪೈಲಟ್ ಬಿಸ್ಕತ್ತು ಕಡಿದ. "ನಿಮ್ಮ ತಲೆ. ಬೇಕಂತಲೇ ಮಾಡಿದಾನೆ. ದಾರಿ ಬಿಟ್ಟು ದ್ವೀಪದ ಕಡೆ ತಿರುಗಿಸೋದನ್ನ ಮನೇಲಿ ತಾಲೀಮು ಮಾಡಿದ್ದ."

"ನಿಮಗೆ ಯಾರು ಹೇಳಿದ್ದು?" ಇನ್‌ಸ್ಪೆಕ್ಟರ್ ಕೇಳಿದರು.

"ನಮ್ಮ ಮರಿ. ಕ್ಯಾಪ್ಟನ್ ಬಾಲ ಹಿಡ್ಕೊಂಡು ಓಡಾಡ್ತಿದ್ನಲ್ಲ, ಆ ಗಿಡ್ಡ ಪೈಲಟ್ ಹುಡುಗ. ದ್ವೀಪದಲ್ಲಿ ಇಳಿದಿರಬಹುದು ಅಂದ. ಎಲ್ಲರೂ ನಕ್ಕೆವು."

"ಟೀವಿಯವರಿಗೆ ಇದನ್ನ ಹೇಳಿದ್ದು ನೀವಾ?"

ದಪ್ಪ ಪೈಲಟ್ ಬಿಸ್ಕತ್ತಿನ ಪುಡಿ ಒರೆಸಿಕೊಂಡ. ಟೈ ಬಿಗಿದುಕೊಂಡು ಎದ್ದು ಹೊರಟ.

ಸಂಜೆ ನಾಲ್ಕೂ ಇಪ್ಪತ್ತಕ್ಕೆ ಮರಿ ನಿಲ್ದಾಣದ ಹೊರಗೆ ನಿಲ್ಲಿಸಿದ್ದ ತನ್ನ ಕಾರಿನ ಬಳಿ ಬಂದ. ಸುತ್ತು ಹಾಕಿದ. ಚಕ್ರ ತಟ್ಟಿದ, ಬಗ್ಗಿ ನೋಡಿದ. ಎಡಗೈ ಕಾರಿನ ಮೂತಿಗೆ ಎರಡನೇ ಸಲ ತಗುಲುವಾಗ ಇನ್‌ಸ್ಪೆಕ್ಟರ್ ಎದುರು ನಿಂತಿದ್ದರು.

"ಡಿಕ್ಕೀಲಿದೆ ಸಾರ್," ಎಂದ ಹುಡುಗ, ಕೇಳುವ ಮೊದಲೇ. "ವಿಮಾನ ಹುಡುಕೋ ಕಚೇರಿಗೆ ಎರಡು ಸಲ ತಗೊಂಡು ಹೋದೆ. ಗೇಟಲ್ಲೇ ಓಡಿಸಿದ್ರು."

"ಆಕೇನ ಕೇಳಿದ್ರೆ ಕೊಡ್ತಿದ್ರಲ್ಲಯ್ಯ."

"ಅತ್ತಿಗೆ ಕೊಡ್ತಿದ್ರು. ಹೆಂಡತಿಯೇ ಗಂಡನ್ನ ಹಿಡಿದುಕೊಟ್ಟಳು ಅಂತ ಮಾರನೇ ದಿನ ಟೀವಿಯಲ್ಲಿ ಕುಣೀತಿದ್ರು. ಹೆಸರು ಕೆಟ್ರೆ ನಂದೇ ಕೆಡಲಿ ಅಂದ್ಕೊಂಡೆ."

"ಅದರಲ್ಲಿ ಏನಿದೆ?"

"ಎರಡೂ ಎಂಜಿನ್ ನಿಂತ ಮೇಲೆ, ಜನ ಇಲ್ಲದ ದ್ವೀಪದ ಹಳೇ ರನ್‌ವೇವರೆಗೆ ತೇಲಿಸ್ಕೊಂಡು ಹೋಗಿ ಇಳಿಸೋ ಅಭ್ಯಾಸ. ಕ್ಯಾಪ್ಟನ್ ಅಣ್ಣ, ನಾನು ಇಬ್ಬರೂ ಮಾಡ್ತಿದ್ವಿ. ನಾನು ಪ್ರತಿ ಸಲ ಸಮುದ್ರಕ್ಕೆ ಹಾಕ್ತಿದ್ದೆ ಸಾರ್." ಅವನು ಡಿಕ್ಕಿ ತೆರೆದು ತೋರಿಸಿದ. "ಅವರು ಪ್ರತಿ ಸಲ ಇಳಿಸ್ತಿದ್ರು."

"ಆ ದ್ವೀಪ ಯಾವ ಕಡೆ?"

"ಉತ್ತರಕ್ಕೆ. ಇವರು ಹುಡುಕ್ತಿರೋದು ದಕ್ಷಿಣದಲ್ಲಿ."

ನಾಲ್ಕೂವರೆಗೆ ಬಂಧನ, ಐದಕ್ಕೆ ಜಪ್ತಿ ಪಂಚನಾಮೆ. ಹುಡುಗ ಹೊತ್ತು ಅಲೆದಾಗ ಅದು ಯಾರಿಗೂ ಬೇಡದ ಡಬ್ಬವಾಗಿತ್ತು. ಈಗ ಪೊಲೀಸರ ಅರಗಿನ ಮುದ್ರೆ ಬಿದ್ದ ಪುರಾವೆ. ಇನ್‌ಸ್ಪೆಕ್ಟರ್ ಹುಡುಕಾಟದ ಕಚೇರಿಗೆ ತಾವೇ ಫೋನು ಮಾಡಿದರು. ನೋಡುವುದಿಲ್ಲ ಎನ್ನುವುದಾದರೆ ಅದನ್ನು ಬರವಣಿಗೆಯಲ್ಲಿ ಕೊಡಿ, ಸಹಿ ಹಾಕುವವರು ಯಾರೆಂದೂ ಹೇಳಿ ಎಂದರು. ಸಹಿ ಹಾಕುವ ಧೈರ್ಯ ಯಾರಿಗೂ ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹುಡುಕಾಟ ನಿಲ್ಲಲಿಲ್ಲ. ಹುಡುಕುತ್ತಿದ್ದ ಹಡಗು ಉತ್ತರಕ್ಕೆ ತಿರುಗಿತು.

ಮಧ್ಯಾಹ್ನ ನ್ಯಾಯಾಲಯ ಮರಿಗೆ ಜಾಮೀನು ಕೊಟ್ಟಿತು. ಹೊಣೆ ನಿಂತವರು ದೂರು ಕೊಟ್ಟ ಹೆಂಗಸೇ. ಕೇಸಿನ ಕಡತದಲ್ಲಿ ಕೃತ್ಯಕ್ಕೆ ಕಾರಣ ಬರೆಯಬೇಕಾದ ಕಡೆ ಇನ್‌ಸ್ಪೆಕ್ಟರ್ ಬಹಳ ಹೊತ್ತು ಪೆನ್ನು ಹಿಡಿದು ಕೂತರು. ದುರಾಸೆ ಎನ್ನಲಾಗದು, ದ್ವೇಷವೂ ಅಲ್ಲ. ಕೊನೆಗೆ ಬರೆದರು: ಇಳಿದಿದ್ದಾರೆಂಬ ನಂಬಿಕೆ.

ನ್ಯಾಯಾಲಯದ ಅಂಗಳದಲ್ಲಿ ಆಕೆ ತಮ್ಮ ಕಾರಿನ ಬಾಗಿಲು ತೆರೆದು ನಿಂತಿದ್ದರು. ಹುಡುಗ ಸುತ್ತು ಹಾಕುತ್ತಿದ್ದ. ಆಕೆ ಅವಸರ ಮಾಡಲಿಲ್ಲ. ಇಷ್ಟು ವರ್ಷ ಹೀಗೆ ಕಾದೇ ಅಭ್ಯಾಸವಾಗಿತ್ತು.

"ಆಯ್ತೇನೋ?"

"ಹಿಂದಿನ ಚಕ್ರಕ್ಕೆ ಗಾಳಿ ಕಮ್ಮಿ ಇದೆ ಅತ್ತಿಗೆ."

"ದಾರೀಲಿ ಹಾಕಿಸೋಣ, ಹತ್ತು. ಬಂದರಿಗೆ ಹೋಗ್ಬೇಕು. ಹಡಗು ವಾಪಸ್ ಬರೋ ಹೊತ್ತಿಗೆ ನಾವು ಅಲ್ಲಿರ್ಬೇಕು."